ಹಡಗು ತಪ್ಪಿಸಿಕೊಂಡ ಕಂಡಕ್ಟರು

ಆ ಬೀದಿಯಿಂದ ಯಾರಾದರೂ ಹಡಗಿನ ಪ್ರವಾಸಕ್ಕೆ ಹೊರಟರೆ, ಟಿಕೆಟ್ಟು ಕೈಗೆ ಬಂದ ಮಾರನೆಯ ದಿನವೇ ರೈಟಣ್ಣನ ಮನೆಯ ಬಾಗಿಲು ತಟ್ಟುತ್ತಾರೆ. ಸಮುದ್ರದ ಬಗ್ಗೆ ಅವನಿಗೆ ಗೊತ್ತಿರುವುದು ಒಟ್ಟು ಎಂಟು ದಿನದ್ದು. ಅದರಲ್ಲಿ ಎರಡು ದಿನ ಅವನು ಹಡಗಿನಲ್ಲೇ ಇರಲಿಲ್ಲ. ಆದರೆ ಜನ ಬರುವುದು ಆ ಎರಡು ದಿನದ ವಿದ್ಯೆಗಾಗಿ. “ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಬಚ್ಚಲು ಎಷ್ಟು ಆಳ ಅಂತ ಬಿದ್ದ ಹಲ್ಲಿನೇ ಹೇಳ್ಬೇಕು, ಕೂತ್ಕೊಳ್ಳಿ,” ಎಂದು ಅವನು ಕುರ್ಚಿ ಎಳೆಯುತ್ತಾನೆ. ಒಳಗಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆಯಂತ್ರ ಒಂದು ಗಳಿಗೆ ನಿಲ್ಲುತ್ತದೆ. ಗಂಡ ಎಲ್ಲಿಂದ ಶುರು ಮಾಡುತ್ತಾನೆಂದು ಕೇಳಿಸಿಕೊಂಡು ಮತ್ತೆ ಓಡತೊಡಗುತ್ತದೆ.

ಮೂವತ್ತೊಂದು ವರ್ಷ ಅವನು ಬಸ್ ಕಂಡಕ್ಟರ್ ಆಗಿದ್ದ. ಬಾಗಿಲಲ್ಲಿ ನಿಂತು ದಿನಕ್ಕೆ ನಾನೂರು ಸಲ “ರೈಟ್” ಎಂದು ಕೂಗಿದ್ದರಿಂದ ಆ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿಯಿತು. ಚರ್ಮದ ಚೀಲ ತೂಗಿ ತೂಗಿ ಎಡಭುಜ ಒಂದು ಬೆರಳು ಇಳಿದಿದೆ. ಅಡುಗೆಮನೆಯಲ್ಲಿ ಚಹಾ ಕಾಯಿಸುವಾಗಲೂ ಕಾಲು ಅಗಲಿಸಿ, ನೆಲ ಈಗಲೋ ಆಗಲೋ ತಿರುವು ತೆಗೆದುಕೊಳ್ಳುತ್ತದೆ ಎಂಬಂತೆ ನಿಲ್ಲುತ್ತಾನೆ. ನಾಲ್ಕು ಜನ ಸೇರಿದ ಕಡೆ ಅವನ ಎರಡು ಬೆರಳು ತಾವಾಗಿಯೇ ಎದ್ದು, ಎರಡೆರಡೇ ತಲೆ ಎಣಿಸಿಬಿಡುತ್ತವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವನದು ಹುಟ್ಟುಗುಣವೂ ಅಲ್ಲ, ಸರ್ವೀಸಿನಲ್ಲಿ ಹತ್ತಿಸಿಕೊಂಡದ್ದು. ಅದಕ್ಕೇ ಇನ್ನೂ ಗಟ್ಟಿ.

ಹೆಂಡತಿ ಶಾಲಾಮಕ್ಕಳ ಸಮವಸ್ತ್ರ ಹೊಲಿಯುವವಳು. ಬಟ್ಟೆ ತರಲು ವಾರಕ್ಕೆರಡು ಸಲ ಅವನ ಬಸ್ಸಿಗೇ ಹತ್ತುತ್ತಿದ್ದಳು. ಮೂರನೆಯ ಸಾಲು, ಕಿಟಕಿ ಪಕ್ಕ. ಅವನು ಬಾಗಿಲಲ್ಲಿ, ಅವಳು ಕಿಟಕಿಯಲ್ಲಿ. ಒಂದೇ ಬಸ್ಸಿನಲ್ಲಿ ಸಾವಿರ ಸಲ ಹೋದರೂ ಇಬ್ಬರೂ ಅಕ್ಕಪಕ್ಕ ಕೂತು ಒಂದು ಮೈಲಿ ಹೋದವರಲ್ಲ. ಹಾಗೆಂದು ಅವಳು ಎಂದೂ ಗೊಣಗಿರಲಿಲ್ಲ. ಅವನು ನಿವೃತ್ತನಾದ ವರ್ಷ, ತಾನು ಹೊಲಿದು ಕೂಡಿಸಿದ ದುಡ್ಡಿನಲ್ಲಿ ಇಬ್ಬರಿಗೂ ಎಂಟು ದಿನದ ಹಡಗಿನ ಪ್ರವಾಸ ಗೊತ್ತು ಮಾಡಿ ಬಂದು, ಒಂದೇ ಒಂದು ಷರತ್ತು ಹಾಕಿದಳು.

“ಎಂಟು ದಿನ ನನ್ನ ಪಕ್ಕದಲ್ಲಿ ಕೂತಿರ್ಬೇಕು. ಬೇರೇನೂ ಕೇಳಲ್ಲ.”

“ಕೂತಿರೋದು ತಾನೆ? ಅದೇನು ಮಹಾ ಕೆಲಸ,” ಎಂದ ರೈಟಣ್ಣ. ಕೂತು ಅಭ್ಯಾಸವಿಲ್ಲದವನು ಹಾಗೆಯೇ ಹೇಳುತ್ತಾನೆ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ತಪ್ಪುಗಳು ಹಡಗು ಹತ್ತುವ ಮೊದಲೇ ಶುರುವಾದವು. ಕೋಣೆ ಆರಿಸುವ ಕೆಲಸವನ್ನು ಅವನು ತಾನೇ ವಹಿಸಿಕೊಂಡ. ಬಸ್ಸಿನಲ್ಲಿ ಹಿಂದಿನ ಸೀಟು ಎತ್ತಿ ಹಾಕುತ್ತದೆ, ಮುಂದಿನದು ಹಾಯಾಗಿರುತ್ತದೆ. ಈ ಅನುಭವದ ಬಲದಿಂದ ಹಡಗಿನ ಮೂತಿಯಲ್ಲೇ ಒಂದು ಕೋಣೆ ಹಿಡಿದ. ಹಡಗು ಅಲೆಗೆ ಮೊದಲು ಒಡ್ಡುವುದು ತನ್ನ ಮೂತಿಯನ್ನೇ. ಮೊದಲ ದಿನವೆಲ್ಲ ಅವನು ತಿಂದದ್ದಕ್ಕಿಂತ ಹೆಚ್ಚು ವಾಪಸು ಕೊಟ್ಟ. ವಾಂತಿಯ ಮಾತ್ರೆ ದೊಡ್ಡ ಪೆಟ್ಟಿಗೆಯಲ್ಲಿತ್ತು. ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲೇ ಕೂಲಿಯವರು ತೆಗೆದುಕೊಂಡಿದ್ದರು, ಅವು ಕೋಣೆಗೆ ಬರುವ ಹೊತ್ತಿಗೆ ಸಂಜೆಯಾಯಿತು. “ಹಾಗಾಗಿ ಕೋಣೆ ಹಡಗಿನ ಹೊಟ್ಟೆ ಹತ್ರ ತಗೊಳ್ಳಿ, ಮಾತ್ರೆ ಕೈಚೀಲದಲ್ಲಿಟ್ಕೊಳ್ಳಿ,” ಎಂದು ಈಗ ಬಂದವರಿಗೆಲ್ಲ ಹೇಳುತ್ತಾನೆ. “ಇದು ನಾನು ಓದಿ ತಿಳಿದಿದ್ದಲ್ಲ, ಬಕೆಟ್ಟಿನೊಳಗೆ ಮುಖ ಇಟ್ಟು ತಿಳಿದಿದ್ದು.”

ಎರಡನೆಯ ದಿನ ಚೇತರಿಸಿಕೊಂಡ. ಚೇತರಿಸಿಕೊಂಡವನು ಕೂರಬೇಕಿತ್ತು. ಏಳನೆಯ ಅಂತಸ್ತಿನ ಕಟಕಟೆಯ ಪಕ್ಕ ಹೆಂಡತಿ ಎರಡು ಒರಗುಕುರ್ಚಿ ಹಿಡಿದು, ಒಂದರ ಮೇಲೆ ತಾನು ಕೂತು, ಇನ್ನೊಂದರ ಮೇಲೆ ನೀಲಿ ಶಾಲು ಹಾಸಿ ಕಾಯುತ್ತಿದ್ದಳು. ಆದರೆ ಊಟದ ಹಾಲಿನ ಬಾಗಿಲಲ್ಲಿ ಜನ ಅಡ್ಡಾದಿಡ್ಡಿ ನುಗ್ಗುತ್ತಿದ್ದರು. ಲಿಫ್ಟಿನಲ್ಲಿ ಹನ್ನೆರಡು ಜನ ಎಂದು ಬರೆದಿದ್ದರೂ ಹದಿನೈದು ಜನ ಹತ್ತುತ್ತಿದ್ದರು. ಇದನ್ನೆಲ್ಲ ನೋಡಿಕೊಂಡು ಮನುಷ್ಯನಾದವನು ಹೇಗೆ ಸುಮ್ಮನಿರುವುದು? “ಎರಡೇ ನಿಮಿಷ, ಬಂದೆ,” ಎಂದು ಎದ್ದವನು ಲಿಫ್ಟಿನ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು ಪರದೇಶದ ಗಂಡಸರು ಹೆಂಗಸರನ್ನೆಲ್ಲ “ಒಳಗೆ ಹೋಗಿ, ಒಳಗೆ ಜಾಗ ಇದೆ” ಎಂದು ಕನ್ನಡದಲ್ಲೇ ಹೇಳಿ, ಹನ್ನೆರಡು ಹನ್ನೆರಡಾಗಿ ತುಂಬಿ ಕಳಿಸಿದ. ಅವರು ಅವನನ್ನು ಹಡಗಿನ ನೌಕರನೆಂದು ತಿಳಿದು ಟವೆಲ್ಲು ಕೇಳಿದರು. ಅವನು ಹುಡುಕಿ ತಂದುಕೊಟ್ಟ.

ಮೂರನೆಯ ದಿನ ಬೆಳಗ್ಗೆ ಹೆಂಡತಿ ಲೆಕ್ಕ ಒಪ್ಪಿಸಿದಳು. ಎರಡು ದಿನದಲ್ಲಿ ಅವನು ತನ್ನ ಪಕ್ಕದಲ್ಲಿ ಕೂತದ್ದು ನಲವತ್ತು ನಿಮಿಷ; ಅದರಲ್ಲಿ ಇಪ್ಪತ್ತೈದು ಊಟದ್ದು. ದನಿಯಲ್ಲಿ ಸಿಟ್ಟಿರಲಿಲ್ಲ; ತೋಳಿನ ಅಳತೆ ಹೇಳುವ ಹಾಗೆ ಹೇಳಿದಳು. ಅವನಿಗೆ ನಾಚಿಕೆಯಾಯಿತು. ಆ ದಿನ ಹಡಗು ಬಂದರಿನಲ್ಲಿ ನಿಲ್ಲುವುದಿತ್ತು, ದಡ ಸುತ್ತಿ ಬರಲು ಎಂಟು ಗಂಟೆ ಬಿಡುವಿತ್ತು. ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲೇ ಪಕ್ಕಕ್ಕೆ ಕೂತು, ಬಾಕಿಯನ್ನೆಲ್ಲ ತೀರಿಸುತ್ತೇನೆಂದು ಮಾತು ಕೊಟ್ಟ.

ದಡಕ್ಕೆ ಇಳಿದಾಗ ಹಡಗಿನವರದೇ ಬಿಳಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಹೆಂಡತಿ ಅತ್ತ ಹೆಜ್ಜೆ ಹಾಕಿದಳು. ರೈಟಣ್ಣ ದರದ ಹಲಗೆ ನೋಡಿ, ಇದು ಹಗಲುದರೋಡೆ ಎಂದು ಅವಳನ್ನು ಗೇಟಿನಾಚೆ ಕರೆದೊಯ್ದು, ಅಲ್ಲಿ ನಿಂತಿದ್ದ ಖಾಸಗಿ ಬಸ್ಸೊಂದನ್ನು ಅರ್ಧ ಬೆಲೆಗೆ ಕುದುರಿಸಿದ. ತಾನೊಬ್ಬನೇ ಹೋದರೆ ಪುಣ್ಯ ಕಡಿಮೆ ಎಂಬಂತೆ ಇನ್ನೂ ಮೂವತ್ತು ಜನರನ್ನು ಕರೆತಂದ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಹೊರಗಿನ ಬಸ್ಸು ತಡವಾದರೆ ಹಡಗು ತನ್ನ ಪಾಡಿಗೆ ತಾನು ಹೋಗುತ್ತದೆ. ಎರಡು ದರಗಳ ನಡುವಿನ ವ್ಯತ್ಯಾಸ ಅದೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಬಸ್ಸಿನಲ್ಲಿ ಅವನು ನಿಜವಾಗಿಯೂ ಕೂತ. ಮೂರನೆಯ ಸಾಲು, ಹೆಂಡತಿ ಕಿಟಕಿಗೆ, ಅವನು ಪಕ್ಕಕ್ಕೆ. ಹನ್ನೊಂದು ನಿಮಿಷ. ಮೊದಲ ತಿರುವಿನಲ್ಲಿ ಮುಂದಿನ ಬಾಗಿಲು ಸರಿಯಾಗಿ ಹಾಕಿಲ್ಲದ್ದು ಕಂಡು ಎದ್ದುಹೋದವನು ಅಲ್ಲೇ ನಿಂತುಬಿಟ್ಟ. ಬಸ್ಸಿನ ಗೈಡು ಒಬ್ಬ ಎಳೆಯ ಹೆಂಗಸು. ಹೊಸ ಬೂಟು ಹಿಮ್ಮಡಿ ಕಚ್ಚಿ ಕುಂಟುತ್ತಿದ್ದಳು. ಇಳಿದವರೆಲ್ಲ ಹತ್ತಿದರೇ ಎಂದು ಎಣಿಸುವ ಹೊಣೆಯನ್ನು ರೈಟಣ್ಣ ಕೇಳದೆಯೇ ಹೊತ್ತುಕೊಂಡ. ತನ್ನನ್ನು ಬಿಟ್ಟು ಮೂವತ್ತೊಂದು ತಲೆ. ಹಳೆಯ ಕೋಟೆಯ ಬಳಿ ಮೂವತ್ತೊಂದು, ರೈಟ್. ಮೀನಿನ ಮಾರುಕಟ್ಟೆಯ ಬಳಿ ಮೂವತ್ತೊಂದು, ರೈಟ್. ಚಾಲಕ ಮೆಚ್ಚಿ ಒಂದು ಪೆಪ್ಪರಮಿಂಟು ಕೊಟ್ಟ. ತನ್ನ ಕಸುಬಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲೆಂದು ರೈಟಣ್ಣನ ಕಣ್ಣು ತೇವವಾಯಿತು.

ಕೊನೆಯ ನಿಲ್ದಾಣ ಬೆಟ್ಟದ ಮೇಲಿನ ದೀಪಸ್ತಂಭ. ಅಲ್ಲಿ ಶೌಚಾಲಯ ಒಂದೇ. ಹೆಂಗಸರ ಸಾಲು ಗೋಡೆ ಬಳಸಿ ಹೋಗಿತ್ತು. ಹೆಂಡತಿ ಶಾಲನ್ನು ಸೀಟಿನ ಮೇಲಿಟ್ಟು ಇಳಿದಳು. “ನಾನು ಬರೋ ತನಕ ಬಸ್ಸು ಬಿಡ್ಬೇಡಿ,” ಎಂದಳು. ಅವನು “ಹ್ಞೂಂ” ಎಂದ. ಈ ಮಾತನ್ನು ಅವನು ಮೂವತ್ತೊಂದು ವರ್ಷದಲ್ಲಿ ಲಕ್ಷ ಸಲ ಕೇಳಿದ್ದ, ಲಕ್ಷ ಸಲ “ಹ್ಞೂಂ” ಎಂದಿದ್ದ. ಕಿವಿಗೂ ಬಾಯಿಗೂ ನಡುವೆ ತಲೆ ಎಂಬುದೊಂದು ಬೇಕಾಗಿರಲಿಲ್ಲ.

ಜನ ಮರಳಿ ಹತ್ತುವಾಗ ಗೈಡು ಹಿಮ್ಮಡಿ ಹಿಡಿದುಕೊಂಡು ಮೆಟ್ಟಿಲಲ್ಲೇ ಕೂತಳು. ರೈಟಣ್ಣನ ಮನಸ್ಸು ಕರಗಿತು. ನೀನು ಒಳಗೆ ಹೋಗಿ ಕೂತ್ಕೊಳಮ್ಮ, ನಾನಿದ್ದೇನೆ ಎಂದು ಕೈಸನ್ನೆಯಲ್ಲೇ ಹೇಳಿ ಕಳಿಸಿದ. ಅವಳು ಸಿಕ್ಕಿದ ಖಾಲಿ ಸೀಟಿನಲ್ಲಿ ಕುಸಿದು, ಟೋಪಿಯನ್ನು ಮುಖಕ್ಕೆಳೆದು ಕಣ್ಣು ಮುಚ್ಚಿದಳು. ರೈಟಣ್ಣನ ಎರಡು ಬೆರಳು ಎದ್ದವು. ಕಂಡಕ್ಟರನಿಗೆ ಮುಖ ಕಾಣುವುದಿಲ್ಲ, ತಲೆ ಕಾಣುತ್ತದೆ. ಎರಡು, ನಾಲ್ಕು, ಆರು. ಮೂವತ್ತೊಂದು. ಲೆಕ್ಕ ಸರಿ ಇದೆ ಎಂದು ಗಟ್ಟಿಯಾಗಿ ಸಾರಿ, ತಗಡಿಗೆ ಎರಡು ಸಲ ಬಡಿದ. ರೈಟ್.

ನಲವತ್ತು ನಿಮಿಷದ ದಾರಿ. ಬಂದರಿನ ಗೇಟಿನಲ್ಲಿ ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೂ ಜೋಪಾನವಾಗಿ ಇಳಿಸಿದ. ಮುದುಕಿಯೊಬ್ಬಳಿಗೆ ಕೈ ಕೊಟ್ಟ. ಎಲ್ಲರಿಗಿಂತ ಕೊನೆಗೆ ಕುಂಟುತ್ತ ಬಂದ ಗೈಡು ಒಂದು ನೀಲಿ ಶಾಲನ್ನು ಎತ್ತಿ ಹಿಡಿದು, ಇದು ಯಾರದು ಎಂದು ಕೇಳಿದಳು.

ಆ ಶಾಲು ಅವನಿಗೆ ಗೊತ್ತಿತ್ತು. ಅದರ ಅಂಚನ್ನು ಹೆಂಡತಿಯೇ ಹೊಲಿದದ್ದು. ರೈಟಣ್ಣ ಒಮ್ಮೆ ಖಾಲಿ ಬಸ್ಸಿನೊಳಗೆ ನೋಡಿದ, ಒಮ್ಮೆ ಗೈಡಿನ ಟೋಪಿ ನೋಡಿದ. ತಾನು ಎಣಿಸಿದ ಮೂವತ್ತೊಂದರಲ್ಲಿ ಒಂದು ತಲೆ ಆ ಟೋಪಿಯದು.

ಹಡಗು ಬಿಡುವುದು ಐದಕ್ಕೆ. ಆಗ ಮೂರೂಮುಕ್ಕಾಲು. ಹೆಂಡತಿಗೆ ಫೋನು ಮಾಡೋಣವೆಂದು ಜೇಬಿಗೆ ಕೈ ಹಾಕಿದರೆ ಅವಳ ಫೋನೂ ಅಲ್ಲೇ ಇತ್ತು. ಕಳೆದುಹೋಗದಿರಲಿ ಎಂದು ಬೆಳಗ್ಗೆ ತಾನೇ ಇಸಿದುಕೊಂಡಿದ್ದ. ಎದುರಿಗೇ ಹಡಗಿನ ಕಾವಲಿನವನು ವೈರ್‌ಲೆಸ್ಸು ಹಿಡಿದು ನಿಂತಿದ್ದ. ಅವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಬಸ್ಸಿನ ಸಂಗತಿಯಲ್ಲಿ ರೈಟಣ್ಣ ಇನ್ನೊಬ್ಬರನ್ನು ಕೇಳಿದ್ದುಂಟೆ? ಟ್ಯಾಕ್ಸಿ ಹಿಡಿದು ಬೆಟ್ಟಕ್ಕೆ ಓಡಿದ.

ದೀಪಸ್ತಂಭದ ಬುಡ, ಶೌಚಾಲಯ, ಕಪ್ಪೆಚಿಪ್ಪು ಮಾರುವ ಅಂಗಡಿ, ಎಲ್ಲ ಕಡೆ ಹುಡುಕಿದ. ಹೆಂಡತಿಯನ್ನು ಹೆಸರು ಹಿಡಿದು ಕೂಗಿ ಅಭ್ಯಾಸವಿರಲಿಲ್ಲ. ಬಂಡೆಗಳ ಕಡೆ ತಿರುಗಿ “ಏ ಇವಳೇ, ಇವಳೇ” ಎಂದು ಕೂಗಿದ. ಯಾರೋ ನಾಲ್ಕು ಜನ ತಿರುಗಿ ನೋಡಿದರು. ಕೊನೆಗೆ ಶೌಚಾಲಯ ತೊಳೆಯುವ ಹೆಂಗಸು ಅವನ ಫೋನಿನಲ್ಲಿದ್ದ ಹೆಂಡತಿಯ ಚಿತ್ರ ನೋಡಿ, ಗಾಳಿಯಲ್ಲಿ ದೊಡ್ಡದೊಂದು ಚೌಕ ಬರೆದು, ಇಳಿಜಾರಿನ ಇನ್ನೊಂದು ರಸ್ತೆಯ ಕಡೆ ಬೆರಳು ತೋರಿಸಿದಳು. ಹಡಗಿನವರ ಬಿಳಿ ಬಸ್ಸು. ಹೆಂಡತಿ ಶೌಚಾಲಯದಿಂದ ಹೊರಬಂದು, ಬಸ್ಸಿಲ್ಲದ್ದು ಕಂಡು, ಎರಡು ನಿಮಿಷ ನಿಂತು, ಲಂಗದ ಒಳಜೇಬಿನಿಂದ ಹಡಗಿನ ಕಾರ್ಡು ತೆಗೆದು ತೋರಿಸಿ ಆ ಬಸ್ಸು ಹತ್ತಿದ್ದಳು. ಒಳಜೇಬು ಹೊಲಿಯುವಾಗ ಅವಳನ್ನು ಗೇಲಿ ಮಾಡಿದ್ದವನು ಇವನೇ.

ಇಳಿದು ಬರುವ ಹೊತ್ತಿಗೆ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಐದೂ ಹತ್ತಕ್ಕೆ ಅವನು ಹಡಗು ನಿಲ್ಲುವ ಧಕ್ಕೆ ಮುಟ್ಟಿದಾಗ ಹಡಗಿಗೂ ದಡಕ್ಕೂ ನಡುವೆ ಹತ್ತು ಮಾರು ನೀರಿತ್ತು. ಏಳನೆಯ ಅಂತಸ್ತಿನ ಕಟಕಟೆಯ ಬಳಿ ಹೆಂಡತಿ ನಿಂತಿದ್ದಳು. ಅವನು ಶಾಲನ್ನು ಬೀಸಿದ. ಅವಳು ಬಲಗೈ ಎತ್ತಿ, ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಅಲ್ಲೇನು ಮಾಡ್ತಿದ್ದೀರಿ ಎಂಬಂತೆ ತೋರಿಸಿದಳು. ನೀರು ಹದಿನೈದು ಮಾರಾಯಿತು, ಐವತ್ತಾಯಿತು.

ಬಂದರಿನ ಏಜೆಂಟನೊಬ್ಬ ಅವನಿಗಾಗಿಯೇ ಕಾಯುತ್ತಿದ್ದ. ಅವನ ಕೈಯಲ್ಲಿ ಒಂದು ಪೊಟ್ಟಣ. ಗಂಡ ಬಂದಿಲ್ಲ, ಇಳಿಯುತ್ತೀರೋ ಇರುತ್ತೀರೋ ಎಂದು ಹಡಗಿನವರು ಹೆಂಡತಿಯನ್ನು ಕೇಳಿದರಂತೆ. ಅವಳು ಐದು ನಿಮಿಷ ಯೋಚಿಸಿ, ಇರುತ್ತೇನೆ ಎಂದಳಂತೆ. ಪೊಟ್ಟಣದಲ್ಲಿ ಅವನ ಪಾಸ್‌ಪೋರ್ಟು, ರಕ್ತದೊತ್ತಡದ ಮಾತ್ರೆ, ಒಂದು ಶರ್ಟು, ಒಂದು ಚೀಟಿ. “ನನ್ನನ್ನು ಹುಡುಕಬೇಡಿ, ನಾನು ಹಡಗಿನಲ್ಲಿದ್ದೇನೆ. ನಾಳಿದ್ದು ಮುಂದಿನ ಬಂದರಿಗೆ ಬನ್ನಿ.” ಬೈದು ಬರೆದಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಅಕ್ಷರಗಳು ಯಂತ್ರದ ಹೊಲಿಗೆಯ ಹಾಗೆ ನೆಟ್ಟಗಿದ್ದವು.

ಅಂದು ಏಜೆಂಟ ತೋರಿಸಿದ ಕೋಣೆಯಲ್ಲಿ ಉಳಿದ. ಮಾರನೆಯ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಂತು ಟಿಕೆಟ್ಟು ಕೊಂಡ. ಒಂಬತ್ತು ಗಂಟೆಯ ದಾರಿ. ಕಂಡಕ್ಟರ್ ಒಬ್ಬಳು ನಡುವಯಸ್ಸಿನ ಗಟ್ಟಿಗಿತ್ತಿ. ಹಿಂದಿನ ಬಾಗಿಲು ಸಡಿಲವಿದೆಯೆಂದು ರೈಟಣ್ಣ ಎದ್ದ. ಅವಳು ಬೆರಳಿನಿಂದಲೇ ಕೂರಿಸಿದಳು. ಇನ್ನೊಮ್ಮೆ ಎದ್ದ, ಈ ಸಲ ಅವಳು ಹುಬ್ಬಿನಿಂದ ಕೂರಿಸಿದಳು. ಆಮೇಲೆ ಅವನು ಏಳಲಿಲ್ಲ. ಪಕ್ಕದಲ್ಲಿ ಕೂತವನು ಯಾರೋ ಕೋಳಿ ವ್ಯಾಪಾರಿ. ಅರ್ಧ ದಾರಿ ಇವನ ಇಳಿದ ಭುಜದ ಮೇಲೆಯೇ ನಿದ್ದೆ ಹೋದ. ಕಿಟಕಿಯಾಚೆ ಹೊಲ, ಗೋಡೆ, ನಾಯಿ, ಒಗೆದ ಬಟ್ಟೆ, ಮತ್ತೆ ಹೊಲ. ಬಸ್ಸಿನ ಕಿಟಕಿಯಿಂದ ಇಷ್ಟೊಂದು ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಹೆಂಡತಿ ಒಬ್ಬಳೇ ಇದನ್ನೆಲ್ಲ ನೋಡಿದ್ದಾಳೆ. ‘ನೋಡಿ, ಅಲ್ಲಿ’ ಎಂದು ಅವಳು ಯಾರಿಗೆ ತೋರಿಸಬೇಕಿತ್ತು? ಅವನು ಕೋಳಿ ವ್ಯಾಪಾರಿಯ ತಲೆಯನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಕಿಟಕಿಗೆ ಹಣೆ ಒತ್ತಿ ಕೂತ.

ಮುಂದಿನ ಬಂದರಿನಲ್ಲಿ ಹಡಗು ಬೆಳಗ್ಗೆ ಎಂಟಕ್ಕೆ ನಿಂತಿತು. ಅವನು ಆರಕ್ಕೇ ಗೇಟಿನಲ್ಲಿದ್ದ. ಹೆಂಡತಿ ಇಳಿದು ಬಂದಳು, ಜತೆಗೆ ಇಬ್ಬರು ಹೆಂಗಸರು. ಒಬ್ಬಳು ದಂತವೈದ್ಯೆ, ಇನ್ನೊಬ್ಬಳು ನಿವೃತ್ತ ನರ್ಸು. ಅವನಿಲ್ಲದ ಎರಡು ದಿನದಲ್ಲಿ ಆದ ಸ್ನೇಹ. ಮೂವರೂ ನಗುತ್ತ ಬರುತ್ತಿದ್ದರು. ಅವನನ್ನು ಕಂಡು ಹೆಂಡತಿ ನಗು ನಿಲ್ಲಿಸಿದಳು.

“ನಿಮ್ಮ ಬಸ್ಸು ಲೇಟಾ?” ಎಂದಳು.

ಅವನು ಶಾಲನ್ನು ಚಾಚಿದ. ಅವಳು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ತಾವು ಮೂವರೂ ಹಡಗಿನವರ ಬಸ್ಸಿನಲ್ಲಿ ಜಲಪಾತ ನೋಡಲು ಹೊರಟಿರುವುದಾಗಿಯೂ, ಸೀಟು ಮೂರೇ ಇರುವುದಾಗಿಯೂ, ಅವನು ಮೇಲೆ ಹೋಗಿ ಸ್ನಾನ ಮಾಡಬಹುದೆಂದೂ ಹೇಳಿ ಬಸ್ಸು ಹತ್ತಿದಳು. ಬಸ್ಸಿನ ಬಾಗಿಲು ಅವನ ಮೂಗಿನ ಮುಂದೆ ಮುಚ್ಚಿತು. ಹೊರಗೆ ನಿಂತು ಬಸ್ಸು ಹೋಗುವುದನ್ನು ನೋಡುವುದು ಹೇಗಿರುತ್ತದೆಂದು ಅರುವತ್ತನೆಯ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು.

ಸ್ನಾನ ಮಾಡಿ, ಗಡ್ಡ ಹೆರೆದುಕೊಂಡು, ಮಧ್ಯಾಹ್ನದಿಂದಲೇ ಧಕ್ಕೆಯ ಕಟ್ಟೆಯ ಮೇಲೆ ಕಾದ. ಮೊದಲ ಬಸ್ಸು ಬಂತು; ಇಳಿದವರ ಮುಖಗಳನ್ನು ಒಂದೊಂದಾಗಿ ನೋಡಿದ. ಎರಡನೆಯದು ಬಂತು. ಬೆರಳು ಏಳಲಿಲ್ಲ, ಏಳುವುದಕ್ಕೆ ಪುರುಸೊತ್ತಿರಲಿಲ್ಲ, ಅವನು ಹುಡುಕುತ್ತಿದ್ದುದು ಒಂದೇ ಮುಖ. ಮೂರನೆಯ ಬಸ್ಸಿನಿಂದ ಅವಳು ಇಳಿದಳು. ಗೆಳತಿಯರನ್ನು ಮುಂದೆ ಕಳಿಸಿ, ಅವನ ಬಳಿ ಬಂದು ಕಟ್ಟೆಯ ಮೇಲೆ ಕೂತಳು. ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು.

“ಮರ್ತು ಬಿಟ್ಟುಹೋದ್ರಿ ಅಂತ ನಂಗೆ ಬೇಜಾರಿಲ್ಲ,” ಎಂದಳು. “ಮನುಷ್ಯ ಅಂದ್ಮೇಲೆ ಮರೆವು. ಆದ್ರೆ ಆ ಬಸ್ಸಲ್ಲಿದ್ದೋರೆಲ್ಲ ನಗ್ತಾ ಹೇಳಿದ್ರು, ನೀವು ಎಣಿಸಿ, ಲೆಕ್ಕ ಸರಿ ಇದೆ ಅಂದ್ರಂತೆ. ನಾನಿಲ್ದೇನೂ ಸರಿ ಇತ್ತಾ ಲೆಕ್ಕ?”

ರೈಟಣ್ಣನಿಗೆ ಒಂದು ತಮಾಷೆಯ ಮಾತು ಬಾಯಿಗೆ ಬಂದಿತ್ತು. ತನ್ನನ್ನು ತಾನೇ ಗೇಲಿ ಮಾಡಿಕೊಂಡು ಪಾರಾಗುವ ದಾರಿ ಅವನಿಗೆ ಚೆನ್ನಾಗಿ ಗೊತ್ತು. ಈ ಸಲ ಆ ದಾರಿ ಹಿಡಿಯಲಿಲ್ಲ.

“ತಪ್ಪಿತ್ತು,” ಎಂದ. “ಮುಖ ನೋಡ್ಲಿಲ್ಲ ನಾನು.”

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಜಲಪಾತದಲ್ಲಿ ನೀರು ಎಷ್ಟು ತೆಳ್ಳಗಿತ್ತೆಂದೂ, ದಂತವೈದ್ಯೆ ಜಾರಿ ಬಿದ್ದದ್ದು ಹೇಗೆಂದೂ ಹೇಳತೊಡಗಿದಳು. ಅವನು ಕೇಳಿದ. ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಹಡಗು ಹತ್ತಲು ಕರೆ ಬಂದಾಗ ಅವಳೇ ಎಬ್ಬಿಸಬೇಕಾಯಿತು.

ಉಳಿದದ್ದು ಮೂರು ದಿನ. ಮಾರನೆಯ ಮಧ್ಯಾಹ್ನ ಇಬ್ಬರೂ ಕಟಕಟೆಯ ಪಕ್ಕ ಒರಗುಕುರ್ಚಿಗಳಲ್ಲಿದ್ದಾಗ ಊಟದ ಹಾಲಿನ ಬಾಗಿಲಲ್ಲಿ ಎರಡು ಸಾಲು ಒಂದರೊಳಗೊಂದು ಸಿಕ್ಕಿಕೊಂಡಿತು. ತಟ್ಟೆ ಹಿಡಿದವರು ತಟ್ಟೆ ಹಿಡಿದವರಿಗೆ ಡಿಕ್ಕಿ ಹೊಡೆದರು. ಯಾರದೋ ಸೂಪು ಇನ್ನಾರದೋ ತೋಳಿಗಿಳಿಯಿತು. ರೈಟಣ್ಣನ ಹಿಮ್ಮಡಿ ತುರಿಸಿತು, ಮೊಣಕಾಲು ಕುಣಿಯಿತು, ಗಂಟಲಲ್ಲಿ “ಒಂದೇ ಸಾಲು, ಒಂದೇ ಸಾಲು” ಎಂಬುದು ಮೇಲಕ್ಕೂ ಕೆಳಕ್ಕೂ ಓಡಾಡಿತು. ಎರಡೂ ಕೈಯಿಂದ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತ. ಹೆಂಡತಿ ಓರೆಗಣ್ಣಿನಿಂದ ನೋಡಿದಳು.

“ತುಂಬಾ ಕಷ್ಟ ಆಗ್ತಿದ್ಯಾ?”

“ಹ್ಞೂಂ.”

“ಆಗ್ಲಿ,” ಎಂದು ಅವಳು ಸಮುದ್ರದ ಕಡೆ ತಿರುಗಿ, “ನೋಡಿ, ಅಲ್ಲಿ,” ಎಂದಳು.

ಅವನು ನೋಡಿದ. ನೀರು ಬಿಟ್ಟರೆ ಏನೂ ಕಾಣಲಿಲ್ಲ. ಹಾಗೆಂದು ಹೇಳದೆ ನೋಡುತ್ತಲೇ ಇದ್ದ.